ಗಣಕಯಂತ್ರಗಳ ಕುಲಗೋತ್ರ

ವಸ್ತುಗಳಿಗೆ ಹೆಸರಿಡುವುದೂ ಅವುಗಳನ್ನು ಬಗೆಬಗೆಯಾಗಿ ವಿಂಗಡಿಸುವುದೂ ಮನುಷ್ಯನಿಗೆ ಹುಟ್ಟಿನಿಂದ ಬಂದ ಗುಣ. ರೈತನು ಮಣ್ಣನ್ನು ಕೆಂಪು, ಕಪ್ಪು, ಚೌಳು ಎಂದು ವಿಂಗಡಿಸುತ್ತಾನೆ. ವೈಯಾಕರಣನು ಶಬ್ದಗಳನ್ನು ನಾಮಪದ, ಕ್ರಿಯಾಪದ, ಅವ್ಯಯ ಎಂದು ವಿಂಗಡಿಸುತ್ತಾನೆ. ವಿಂಗಡಣೆಯಿಲ್ಲದೆ ಜ್ಞಾನವಿಲ್ಲ. ಆದರೆ ಎಲ್ಲ ವಿಂಗಡಣೆಗಳ ಆಯುಸ್ಸೂ ಒಂದೇ ಸಮನಾಗಿರುವುದಿಲ್ಲ. ಕೆಲವು ವಸ್ತುವಿನ ಸ್ವಭಾವವನ್ನೇ ಹಿಡಿದು ಮಾಡಿದಂಥವು. ಅವು ಬಹುಕಾಲ ನಿಲ್ಲುತ್ತವೆ. ಮತ್ತೆ ಕೆಲವು ಆಯಾ ಕಾಲದ ಗಾತ್ರವನ್ನೂ ಬೆಲೆಯನ್ನೂ ನೋಡಿ ಮಾಡಿದಂಥವು. ಕಾಲ ಸರಿದಂತೆ ಅವೂ ಸರಿದುಹೋಗುತ್ತವೆ. ಈ ಮಾತಿಗೆ ಗಣಕಯಂತ್ರದಷ್ಟು ಒಳ್ಳೆಯ ನಿದರ್ಶನ ಸುಲಭವಾಗಿ ಸಿಕ್ಕಲಾರದು.

ಗಣಕಯಂತ್ರಗಳಲ್ಲಿ ಎಷ್ಟು ಬಗೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದೇ ಉಸಿರಿನಲ್ಲಿ ಸೂಪರ್, ಮೈನ್‌ಫ್ರೇಮ್, ಮಿನಿ, ಮೈಕ್ರೋ ಎಂದು ನಾಲ್ಕು ಹೆಸರುಗಳನ್ನು ಒಪ್ಪಿಸಿಬಿಡುತ್ತೇವೆ. ಉತ್ತರ ತಪ್ಪಲ್ಲ, ಅಂಕಗಳೂ ಬರುತ್ತವೆ. ಆದರೆ ಪರೀಕ್ಷೆ ಮುಗಿಸಿ ಹೊರಗೆ ಬಂದ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲು ಈ ನಾಲ್ಕರಲ್ಲಿ ಯಾವ ಬಗೆ? ಬಸ್ ಕಂಡಕ್ಟರ ಕೈಯಲ್ಲಿರುವ ಟಿಕೆಟ್ ಯಂತ್ರ ಯಾವ ಬಗೆ? ಮತಗಟ್ಟೆಯ ಯಂತ್ರ ಯಾವ ಬಗೆ? ಈ ಪ್ರಶ್ನೆಗಳಿಗೆ ಆ ನಾಲ್ಕು ಹೆಸರುಗಳು ತೃಪ್ತಿಕರವಾದ ಉತ್ತರ ಕೊಡಲಾರವು. ಆದುದರಿಂದ ಪಟ್ಟಿಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾವ ಯಂತ್ರವನ್ನು ಎದುರಿಗಿಟ್ಟರೂ ಕೇಳಬಹುದಾದ ಮೂರು ಪ್ರಶ್ನೆಗಳನ್ನು ವಿಚಾರ ಮಾಡೋಣ. ಅದು ಪರಿಮಾಣವನ್ನು ಹೇಗೆ ಹಿಡಿದಿಡುತ್ತದೆ? ಅದು ಎಷ್ಟು ಬಗೆಯ ಕೆಲಸಗಳಿಗೆ ಒದಗುತ್ತದೆ? ಅದರ ಗಾತ್ರವೂ ಶಕ್ತಿಯೂ ಎಷ್ಟು?

ಮೊದಲು ಹೆಸರಿನ ಮಾತು. ‘ಗಣಕ’ ಎಂದರೆ ಸಂಸ್ಕೃತದಲ್ಲಿ ಗಣಿಸುವವನು, ಲೆಕ್ಕಿಗ, ಜ್ಯೋತಿಷಿ ಎಂದರ್ಥ. ಅಂದರೆ ಆ ಹೆಸರು ಮೊದಲು ಮನುಷ್ಯನದು. ಇಂಗ್ಲಿಷಿನ ‘ಕಂಪ್ಯೂಟರ್’ ಎಂಬ ಪದದ ಕಥೆಯೂ ಇದೇ. ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯ ಪ್ರಯತ್ನ ಮುಂದೆ ಭಾರತದ ಮಹಾ ತ್ರಿಕೋನಮಿತಿ ಮೋಜಣಿಯಾಗಿ ಬೆಳೆಯಿತು. ಬೆಟ್ಟದಿಂದ ಬೆಟ್ಟಕ್ಕೆ ಅಳೆದು ತಂದ ಕೋನಗಳಿಂದ ದೂರಗಳನ್ನೂ ಎತ್ತರಗಳನ್ನೂ ಲೆಕ್ಕಹಾಕಲು ಆ ಇಲಾಖೆಯಲ್ಲಿ ಜನ ಬೇಕಾಗಿತ್ತು. ಅವರ ಹುದ್ದೆಯ ಹೆಸರೇ ‘ಕಂಪ್ಯೂಟರ್’. ೧೮೩೧ರಲ್ಲಿ ಆ ಹುದ್ದೆಗೆ ಸೇರಿದ ಬಂಗಾಳದ ತರುಣ ರಾಧಾನಾಥ ಸಿಕ್ದಾರರ ಹೆಸರು ಮುಂದೆ ಎವರೆಸ್ಟ್ ಶಿಖರದ ಎತ್ತರದ ಲೆಕ್ಕದೊಡನೆ ಸೇರಿಕೊಂಡಿತು. ಕೆಲಸ ಮನುಷ್ಯನಿಂದ ಯಂತ್ರಕ್ಕೆ ಹೋದಾಗ ಹೆಸರೂ ಅದರ ಹಿಂದೆಯೇ ಹೋಯಿತು; ನಾವು ಒಂದು ‘ಯಂತ್ರ’ವನ್ನು ಸೇರಿಸಿ ‘ಗಣಕಯಂತ್ರ’ ಎಂದೆವು.

ಇನ್ನು ಮೊದಲನೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ನಮ್ಮ ದೇವರಾಜ ಮಾರುಕಟ್ಟೆಯವರೆಗೆ ಹೋದರೆ ಸಾಕು. ಅಲ್ಲಿ ವೀಳ್ಯದೆಲೆಯನ್ನು ಎಣಿಸಿ ಕೊಡುತ್ತಾರೆ. ಮಲ್ಲಿಗೆಯ ಮಾಲೆಯನ್ನು ಮೊಳ ಹಾಕಿ ಕೊಡುತ್ತಾರೆ. ಎಲೆಯಲ್ಲಿ ಹತ್ತು ಉಂಟು, ಹನ್ನೊಂದು ಉಂಟು, ಹತ್ತೂಕಾಲು ಎಂಬುದಿಲ್ಲ. ಮಾಲೆಯಲ್ಲಿ ಹಾಗಲ್ಲ. ಒಂದು ಮೊಳಕ್ಕೂ ಎರಡು ಮೊಳಕ್ಕೂ ನಡುವೆ ಎಲ್ಲಿ ಬೇಕಾದರೂ ಕತ್ತರಿಸಬಹುದು. ಹೂವಾಡಗಿತ್ತಿಯ ಕೈ ಉದ್ದವಾಗಿದ್ದರೆ ಕೊಳ್ಳುವವರ ಪುಣ್ಯ, ಗಿಡ್ಡವಾಗಿದ್ದರೆ ಮಾರುವವರ ಪುಣ್ಯ. ಎಲೆಯ ಲೆಕ್ಕದಲ್ಲಿ ಇಂಥ ಪುಣ್ಯಕ್ಕೆ ಅವಕಾಶವಿಲ್ಲ. ಎಣಿಕೆಗೂ ಅಳತೆಗೂ ಇರುವ ಈ ವ್ಯತ್ಯಾಸವೇ ಗಣಕಯಂತ್ರಗಳ ಮೂಲ ವಿಭಜನೆ. ಅಳತೆಯಿಂದ ಲೆಕ್ಕ ಮಾಡುವ ಯಂತ್ರಕ್ಕೆ ಅನಲಾಗ್ ಅಥವಾ ಸಾದೃಶ್ಯ ಗಣಕವೆಂದೂ, ಎಣಿಕೆಯಿಂದ ಲೆಕ್ಕ ಮಾಡುವ ಯಂತ್ರಕ್ಕೆ ಡಿಜಿಟಲ್ ಅಥವಾ ಅಂಕೀಯ ಗಣಕವೆಂದೂ ಹೆಸರು.

ಸಾದೃಶ್ಯ ಗಣಕದಲ್ಲಿ ಒಂದು ಪರಿಮಾಣಕ್ಕೆ ಬದಲಾಗಿ ಮತ್ತೊಂದು ಪರಿಮಾಣವು ನಿಲ್ಲುತ್ತದೆ. ಹಿಂದಿನ ಇಂಜಿನಿಯರುಗಳ ಜೇಬಿನಲ್ಲಿರುತ್ತಿದ್ದ ಸ್ಲೈಡ್ ರೂಲಿನಲ್ಲಿ ಸಂಖ್ಯೆಗೆ ಬದಲಾಗಿ ಉದ್ದವಿತ್ತು; ಎರಡು ಪಟ್ಟಿಗಳನ್ನು ಜಾರಿಸಿ ಉದ್ದಗಳನ್ನು ಕೂಡಿಸಿದರೆ ಸಂಖ್ಯೆಗಳ ಗುಣಾಕಾರ ಸಿಕ್ಕುತ್ತಿತ್ತು. ೧೮೭೯ರಲ್ಲಿ ಭಾರತದ ಬಂದರುಗಳ ಉಬ್ಬರವಿಳಿತವನ್ನು ಮುಂಚಿತವಾಗಿ ತಿಳಿಯಲು ಇಂಗ್ಲೆಂಡಿನಲ್ಲಿ ತಯಾರಿಸಿದ ಯಂತ್ರದಲ್ಲಿ ಚಂದ್ರಸೂರ್ಯರ ಆಕರ್ಷಣೆಗೆ ಬದಲಾಗಿ ಮೇಲಕ್ಕೂ ಕೆಳಕ್ಕೂ ಆಡುವ ರಾಟೆಗಳಿದ್ದುವು.

ನಮ್ಮ ನಾಡಿನಲ್ಲಿ ಇದಕ್ಕೆ ಒಂದು ಸ್ಮರಣೀಯವಾದ ಉದಾಹರಣೆಯುಂಟು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ೧೯೫೪-೫೫ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಬಂದರು. ಅವರ ಕಾಲದಲ್ಲಿ ಅಲ್ಲಿ ‘ಪ್ರೇಡಾ’ ಎಂಬ ಸಂಕ್ಷಿಪ್ತನಾಮದ ಸಾದೃಶ್ಯ ಗಣಕವೊಂದು ಸಿದ್ಧವಾಯಿತು. ಇಂಥ ಯಂತ್ರದಲ್ಲಿ ವಿದ್ಯುತ್ತಿನ ಒತ್ತಡವೇ ವೇಗದ, ದೂರದ ಅಥವಾ ಬಲದ ಪ್ರತಿನಿಧಿ. ಒಂದು ಸ್ಪ್ರಿಂಗಿಗೆ ಕಟ್ಟಿದ ಭಾರ ಹೇಗೆ ತೂಗಾಡುತ್ತದೆಂದು ತಿಳಿಯಬೇಕಾದರೆ, ಆ ತೂಗಾಟದ ಸಮೀಕರಣವನ್ನೇ ಪಾಲಿಸುವಂತೆ ವಿದ್ಯುನ್ಮಂಡಲವನ್ನು ತಂತಿಗಳಿಂದ ಜೋಡಿಸುತ್ತಾರೆ. ಗುಂಡಿ ತಿರುಗಿಸಿ ಭಾರವನ್ನು ‘ಹೆಚ್ಚಿಸುತ್ತಾರೆ’. ಉತ್ತರವು ಪರದೆಯ ಮೇಲೆ ವಕ್ರರೇಖೆಯಾಗಿ ಕೂಡಲೆ ಮೂಡುತ್ತದೆ. ನಮ್ಮ ದೇಶದ ಗಣಕಶಿಕ್ಷಣಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ವಿ. ರಾಜಾರಾಮನ್ ಅವರು ವಿದ್ಯಾರ್ಥಿದೆಸೆಯಲ್ಲಿ ದುಡಿದುದು ಈ ಬಗೆಯ ಯಂತ್ರದ ಮೇಲೆಯೇ. ಶೀಘ್ರತೆ ಇದರ ಗುಣ. ನಿಖರತೆಯ ಮಿತಿ ಇದರ ದೋಷ. ಬಿಡಿಭಾಗಗಳು ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರ. ಹೂವಾಡಗಿತ್ತಿಯ ಮೊಳದ ತೊಂದರೆಯೇ ಇಲ್ಲಿಯೂ.

ಅಂಕೀಯ ಗಣಕದ ದಾರಿ ಬೇರೆ. ಅದು ಪ್ರತಿಯೊಂದನ್ನೂ ಅಂಕಿಗಳಾಗಿ ಮಾಡಿಕೊಳ್ಳುತ್ತದೆ. ಆ ಅಂಕಿಗಳೂ ಎರಡೇ, ೦ ಮತ್ತು ೧. ಹತ್ತು ಅಂಕಿಗಳಿರುವಾಗ ಎರಡಕ್ಕೆ ಏಕೆ ತೃಪ್ತಿಪಡಬೇಕು ಎಂದು ಕೇಳಬಹುದು. ಸ್ವಿಚ್ಚಿಗೆ ಎರಡೇ ಸ್ಥಿತಿ: ಹಾಕಿದೆ ಅಥವಾ ಆರಿಸಿದೆ. ವಿದ್ಯುತ್ತು ಸ್ವಲ್ಪ ಏರಿಳಿದರೂ ‘ಇದೆ’ ಎಂಬುದು ‘ಇಲ್ಲ’ ಎಂದಾಗುವುದಿಲ್ಲ. ಹತ್ತು ಮಟ್ಟಗಳನ್ನು ಗುರುತಿಸುವುದಕ್ಕಿಂತ ಎರಡನ್ನು ಗುರುತಿಸುವುದರಲ್ಲಿ ಪ್ರಮಾದ ಬಹಳ ಕಡಮೆ. ಇದಕ್ಕಿಂತ ದೊಡ್ಡ ಲಾಭ ಮತ್ತೊಂದುಂಟು. ಅಂಕಿಯಾಗಬಲ್ಲದ್ದೆಲ್ಲವೂ ಈ ಯಂತ್ರದೊಳಗೆ ಹೋಗಬಲ್ಲದು. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ನಮ್ಮ ‘ಕ’ ಅಕ್ಷರದ ಕ್ರಮಸಂಖ್ಯೆ ೩೨೨೧. ಯಂತ್ರಕ್ಕೆ ಅದು ೧೧೦೦೧೦೦೧೦೧೦೧. ಹೀಗೆ ಅಕ್ಷರವೂ ಚಿತ್ರವೂ ಸಂಗೀತವೂ ಒಂದೇ ರೂಪ ತಾಳುತ್ತವೆ. ಸಾದೃಶ್ಯ ಗಣಕವು ಸ್ಪ್ರಿಂಗಿನ ತೂಗಾಟವನ್ನು ತೋರಿಸೀತು. ಒಂದು ವಚನವನ್ನು ಜ್ಞಾಪಕದಲ್ಲಿಟ್ಟುಕೊಳ್ಳಲಾರದು. ಅಂಕೀಯ ಗಣಕವೇ ಲೋಕವನ್ನೆಲ್ಲ ವ್ಯಾಪಿಸಲು ಇದು ಮುಖ್ಯ ಕಾರಣ.

ಈ ಎರಡರ ಕೂಡಿಕೆಗೆ ಮಿಶ್ರಗಣಕವೆಂದು ಹೆಸರು. ಪ್ರಕೃತಿಯು ಎಣಿಸುವುದಿಲ್ಲ, ಹರಿಯುತ್ತದೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಡೆಬಿಡದೆ ಏರುತ್ತದೆ, ಇಳಿಯುತ್ತದೆ. ಪತ್ರಿಕೆಯಲ್ಲಿ ನಾವು ಓದುವ ‘೧೨೪.೮೦ ಅಡಿ’ ಎಂಬ ಪೂರ್ಣಮಟ್ಟವಾದರೋ ಅಂಕಿ. ಅಳತೆಯನ್ನು ಎಣಿಕೆಯಾಗಿ ಮಾರ್ಪಡಿಸುವ ಭಾಗವೊಂದು ಪ್ರಕೃತಿಗೂ ಅಂಕೀಯ ಯಂತ್ರಕ್ಕೂ ನಡುವೆ ಇರಲೇಬೇಕು. ಹರಿಯುವ ಪೆಟ್ರೋಲನ್ನು ಅಳೆದು, ಅದನ್ನು ಅಂಕಿಯಾಗಿ ಮಾಡಿ, ದರದಿಂದ ಗುಣಿಸಿ ಹಣ ತೋರಿಸುವ ಬಂಕಿನ ಯಂತ್ರವನ್ನು ಪಠ್ಯಪುಸ್ತಕಗಳು ಮಿಶ್ರಗಣಕಕ್ಕೆ ಉದಾಹರಣೆಯಾಗಿ ಕೊಡುವುದು ಈ ಕಾರಣದಿಂದಲೇ.

ಇತ್ತೀಚೆಗೆ ಈ ಸಾಲಿಗೆ ಕ್ವಾಂಟಮ್ ಗಣಕವೂ ಸೇರಿದೆ. ಅದರ ಮೂಲಘಟಕವು ೦ ಮತ್ತು ೧ ಎರಡೂ ಬೆರೆತ ಸ್ಥಿತಿಯಲ್ಲಿರಬಲ್ಲದು. ಅಳೆದು ನೋಡಿದಾಗ ಮಾತ್ರ ಯಾವುದಾದರೊಂದಾಗಿ ನಿಲ್ಲುತ್ತದೆ. ಭಾರತ ಸರ್ಕಾರವು ೨೦೨೩ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಡಿಯಲ್ಲಿ ಕ್ವಾಂಟಮ್ ಗಣನೆಯ ಕೇಂದ್ರವಾಗಿ ಆರಿಸಲ್ಪಟ್ಟುದು ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ. ಇದು ಮತ್ತೊಂದು ಗಾತ್ರದ ಯಂತ್ರವಲ್ಲ, ಮತ್ತೊಂದು ತತ್ತ್ವದ ಯಂತ್ರ ಎಂಬುದನ್ನು ಗಮನಿಸಬೇಕು.

ಎರಡನೆಯ ಪ್ರಶ್ನೆ ಉದ್ದೇಶಕ್ಕೆ ಸಂಬಂಧಿಸಿದುದು. ೧೯೩೬ರಲ್ಲಿ ಇಂಗ್ಲೆಂಡಿನ ಆಲನ್ ಟ್ಯೂರಿಂಗ್ ಎಂಬ ಗಣಿತಜ್ಞರು ಒಂದು ಆಶ್ಚರ್ಯಕರವಾದ ವಿಷಯವನ್ನು ಕಾಗದದ ಮೇಲೆ ಸಾಧಿಸಿ ತೋರಿಸಿದರು. ಒಂದೊಂದು ಲೆಕ್ಕಕ್ಕೆ ಒಂದೊಂದು ಯಂತ್ರ ಬೇಕಾದುದಿಲ್ಲ. ಸೂಚನೆಗಳನ್ನು ಬದಲಾಯಿಸಿದರೆ ಬೇರೆ ಎಲ್ಲ ಲೆಕ್ಕದ ಯಂತ್ರಗಳ ಕೆಲಸವನ್ನೂ ಮಾಡಬಲ್ಲ ಒಂದೇ ಯಂತ್ರವು ಸಾಧ್ಯ ಎಂಬುದೇ ಆ ವಿಷಯ. ಬೆಳಗ್ಗೆ ಸಂಬಳದ ಲೆಕ್ಕ, ಮಧ್ಯಾಹ್ನ ಪ್ರಬಂಧದ ಬೆರಳಚ್ಚು, ರಾತ್ರಿ ಸಂಗೀತ: ಯಂತ್ರ ಅದೇ, ಸೂಚನೆ ಬೇರೆ. ಇದು ಸಾಮಾನ್ಯೋದ್ದೇಶದ ಗಣಕ. ಒಂದೇ ಕೆಲಸಕ್ಕೆಂದು ಹುಟ್ಟಿ ಅದೇ ಕೆಲಸದಲ್ಲಿ ಆಯುಸ್ಸು ಕಳೆಯುವುದು ವಿಶೇಷೋದ್ದೇಶದ ಗಣಕ. ಬಟ್ಟೆ ಒಗೆಯುವ ಯಂತ್ರದೊಳಗೆ, ವಿದ್ಯುತ್ ಮೀಟರಿನೊಳಗೆ, ಕಾರಿನ ಎಂಜಿನ್ನಿನ ಬಳಿ ಅಡಗಿ ಕುಳಿತಿರುವ ಪುಟ್ಟ ಗಣಕಗಳು ಈ ಜಾತಿಯವು. ‘ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ’ ಎನ್ನುವವರ ಮನೆಯಲ್ಲಿಯೂ ಇವು ಒಂದೆರಡಾದರೂ ಇರುತ್ತವೆ.

ಈ ವಿಭಜನೆ ಪರೀಕ್ಷೆಗೆ ಮಾತ್ರ ಬೇಕಾದುದೆಂದು ಯಾರೂ ತಿಳಿಯಬಾರದು. ಮತಗಟ್ಟೆಯನ್ನು ನೆನೆಯೋಣ. ಮತದಾರನ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ೧೯೬೨ರಿಂದ ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯದು. ಆತ ಗುಂಡಿಯೊತ್ತುವ ವಿದ್ಯುನ್ಮಾನ ಮತಯಂತ್ರವನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಆ ಯಂತ್ರವನ್ನು ಮೊದಲು ೧೯೮೨ರಲ್ಲಿ ಕೇರಳದ ಪರವೂರು ಕ್ಷೇತ್ರದ ೫೦ ಮತಗಟ್ಟೆಗಳಲ್ಲಿ ಪ್ರಯೋಗಿಸಿ ನೋಡಿದರು. ೨೦೦೪ರ ಲೋಕಸಭಾ ಚುನಾವಣೆಯಲ್ಲಿ ೫೪೩ ಕ್ಷೇತ್ರಗಳಲ್ಲಿಯೂ ಬಳಸಿದರು. ಅದು ವಿಶೇಷೋದ್ದೇಶದ ಗಣಕ: ಮತಗಳನ್ನು ಎಣಿಸುವುದೊಂದೇ ಅದರ ಕೆಲಸ. ನಮ್ಮ ಮೊಬೈಲಿಗೆ ದಿನಕ್ಕೊಂದು ಹೊಸ ತಂತ್ರಾಂಶ ತುಂಬುವಂತೆ ಅದಕ್ಕೆ ತುಂಬುವ ಏರ್ಪಾಡಿಲ್ಲ. ಅಂತರ್ಜಾಲದ ಸಂಪರ್ಕವೂ ಇಲ್ಲ. ಈ ಯಂತ್ರದ ವಿಷಯವಾಗಿ ವಾದ ಮಾಡುವವರು ಎರಡು ಕಡೆಯಲ್ಲಿಯೂ ಇದ್ದಾರೆ. ಆದರೆ ಯಂತ್ರ ಯಾವ ಕುಲದ್ದೆಂದು ತಿಳಿಯದೆ ವಾದಕ್ಕಿಳಿದರೆ ಕೇಳಬೇಕಾದ ಪ್ರಶ್ನೆ ಬಿಟ್ಟುಹೋಗಿ ಕೇಳಬಾರದ ಪ್ರಶ್ನೆ ಮುಂದೆ ಬರುತ್ತದೆ. ಸಾಮಾನ್ಯೋದ್ದೇಶದ ಯಂತ್ರದಲ್ಲಿ ‘ಇದರೊಳಗೆ ಇಂದು ಯಾವ ಸೂಚನೆಗಳಿವೆ?’ ಎಂದು ದಿನವೂ ಕೇಳಬೇಕು. ವಿಶೇಷೋದ್ದೇಶದ ಯಂತ್ರದಲ್ಲಿ ‘ಇದನ್ನು ಯಾರು, ಹೇಗೆ ತಯಾರಿಸಿದರು? ಅನಂತರ ಯಾರ ವಶದಲ್ಲಿತ್ತು? ಯಾರು ಪರೀಕ್ಷಿಸಿದರು?’ ಎಂದು ಕೇಳಬೇಕು. ಪ್ರಜೆಯಾದವನಿಗೆ ಈ ವಿವೇಕ ಅವಶ್ಯಕ; ಅವನು ವಿಜ್ಞಾನದ ವಿದ್ಯಾರ್ಥಿಯಾಗಿರಲಿ, ಇತಿಹಾಸದ ವಿದ್ಯಾರ್ಥಿಯಾಗಿರಲಿ.

ಇನ್ನು ಉಳಿದುದು ಗಾತ್ರ ಮತ್ತು ಶಕ್ತಿಯ ಪ್ರಶ್ನೆ. ಎಲ್ಲರೂ ಬಾಯಿಪಾಠ ಮಾಡುವ ನಾಲ್ಕು ಹೆಸರುಗಳು ಇಲ್ಲಿ ಬರುತ್ತವೆ. ಸೂಪರ್ ಕಂಪ್ಯೂಟರ್ ಅಥವಾ ಮಹಾಗಣಕವೆಂದರೆ ಆಯಾ ಕಾಲದ ಅತ್ಯಂತ ವೇಗದ ಯಂತ್ರ. ಹವಾಮಾನ, ಅಣುರಚನೆ ಮೊದಲಾದ ಭಾರಿ ಲೆಕ್ಕಗಳಿಗೆ ಮೀಸಲು. ಮೈನ್‌ಫ್ರೇಮ್ ಎಂದರೆ ಬ್ಯಾಂಕು, ವಿಮಾಕಂಪನಿಗಳಂಥ ದೊಡ್ಡ ಸಂಸ್ಥೆಗಳಲ್ಲಿ ಸಾವಿರಾರು ಜನರ ವ್ಯವಹಾರವನ್ನು ಏಕಕಾಲದಲ್ಲಿ ತಡೆಯಿಲ್ಲದೆ ನಡೆಸುವ ಯಂತ್ರ. ಇವೆರಡಕ್ಕೂ ಇರುವ ಭೇದವನ್ನು ಹೀಗೆ ಹೇಳಬಹುದು: ಒಂದೇ ಬೃಹತ್ತಾದ ಲೆಕ್ಕವನ್ನು ಬೇಗ ಮುಗಿಸುವುದು ಮಹಾಗಣಕದ ಹೆಚ್ಚಳ, ಅಸಂಖ್ಯಾತವಾದ ಸಣ್ಣ ಲೆಕ್ಕಗಳನ್ನು ತಪ್ಪಿಲ್ಲದೆ ನಿರ್ವಹಿಸುವುದು ಮೈನ್‌ಫ್ರೇಮಿನ ಹೆಚ್ಚಳ. ಮಿನಿ ಎಂದರೆ ಒಂದು ಕಚೇರಿಗೆ ಅಥವಾ ಕಾರ್ಖಾನೆಗೆ ಸಾಲುವಷ್ಟು ಶಕ್ತಿಯುಳ್ಳ ಮಧ್ಯಮ ಯಂತ್ರ. ೧೯೬೫ರಲ್ಲಿ ಅಮೆರಿಕದಲ್ಲಿ ಬಂದ ಪಿಡಿಪಿ-೮ ಎಂಬ ಯಂತ್ರದಿಂದ ಈ ವರ್ಗ ಹೆಸರುವಾಸಿಯಾಯಿತು. ಮೈಕ್ರೋ ಎಂದರೆ ಒಂದೇ ಚಿಪ್ಪಿನ ಮೇಲಿರುವ ಮೈಕ್ರೋಪ್ರೊಸೆಸರನ್ನು ಹೃದಯವಾಗಿ ಉಳ್ಳ, ಒಬ್ಬರ ಉಪಯೋಗಕ್ಕೆ ಬೇಕಾದ ಮೇಜಿನ ಯಂತ್ರ.

ಒಳಗಿನ ಸಾಮಗ್ರಿಯನ್ನು ನೋಡಿ ಗಣಕಗಳನ್ನು ‘ಪೀಳಿಗೆ’ಗಳಾಗಿ ವಿಂಗಡಿಸುವ ಪದ್ಧತಿಯೂ ಉಂಟು: ನಿರ್ವಾತ ನಳಿಗೆಗಳದು ಮೊದಲನೆಯದು, ಟ್ರಾನ್ಸಿಸ್ಟರುಗಳದು ಎರಡನೆಯದು, ಸಂಯುಕ್ತ ಮಂಡಲಗಳದು ಮೂರನೆಯದು, ಮೈಕ್ರೋಪ್ರೊಸೆಸರಿನದು ನಾಲ್ಕನೆಯದು. ಗಾತ್ರ ಏಕೆ ಕುಗ್ಗಿತೆಂಬುದು ಇದರಿಂದ ತಿಳಿಯುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ನಿರ್ಮಿಸಿ ೧೯೬೦ರಲ್ಲಿ ಚಾಲನೆಗೆ ತಂದ ‘ಟಿಫ್ರ್ಯಾಕ್’ ಗಣಕದಲ್ಲಿ ೨,೭೦೦ ನಿರ್ವಾತ ನಳಿಗೆಗಳಿದ್ದುವು. ಅದಕ್ಕೆ ದೊಡ್ಡ ಕೊಠಡಿಯೇ ಬೇಕಾಗಿತ್ತು. ೧೯೭೧ರಲ್ಲಿ ಬಂದ ಇಂಟೆಲ್ ೪೦೦೪ ಎಂಬ ಚಿಪ್ಪಿನ ಮೇಲೆ ಸುಮಾರು ೨,೩೦೦ ಟ್ರಾನ್ಸಿಸ್ಟರುಗಳಿದ್ದುವು. ಅದನ್ನು ಉಗುರಿನ ಮೇಲೆ ಇಡಬಹುದಾಗಿತ್ತು. ಟಿಫ್ರ್ಯಾಕಿನ ಸ್ಮರಣಕೋಶವು ೪೦ ಅಂಕಿಗಳ ೨,೦೪೮ ಪದಗಳಷ್ಟು. ಕನ್ನಡವನ್ನು ಇಂದು ಗಣಕಗಳಲ್ಲಿ ಸಾಮಾನ್ಯವಾಗಿ ಶೇಖರಿಸುವ ಕ್ರಮದಲ್ಲಿ ಈ ಲೇಖನವನ್ನು ಅದರಲ್ಲಿ ಇಡಹೊರಟಿದ್ದರೆ ಇದರ ಅರ್ಧಭಾಗವೂ ಹಿಡಿಸುತ್ತಿರಲಿಲ್ಲ. ಆದರೂ ಅಂದಿನ ವಿಜ್ಞಾನಿಗಳು ಅದರಿಂದ ನಿಜವಾದ ಲೆಕ್ಕಗಳನ್ನು ಮಾಡಿಸಿದರು.

ಗಾತ್ರದ ಹೆಸರುಗಳು ಎಷ್ಟು ಅಸ್ಥಿರವೆಂಬುದಕ್ಕೆ ಅತ್ಯುತ್ತಮವಾದ ಸಾಕ್ಷ್ಯ ನಮ್ಮ ಸುತ್ತಮುತ್ತಲಿನಲ್ಲಿಯೇ ಇದೆ. ೧೯೭೮ರಲ್ಲಿ ಐಬಿಎಂ ಕಂಪನಿ ಭಾರತವನ್ನು ಬಿಟ್ಟು ಹೋದಮೇಲೆ ಇಲ್ಲಿನ ಕಂಪನಿಗಳು ಗಣಕಗಳ ತಯಾರಿಕೆಗೆ ಕೈಹಾಕಿದುವು. ೧೯೮೦ರ ದಶಕದಲ್ಲಿ ವಿಪ್ರೋ ಕಂಪನಿಯು ಮೈಸೂರಿನ ತನ್ನ ಕಾರ್ಖಾನೆಯಲ್ಲಿ ಗಣಕಗಳನ್ನು ತಯಾರಿಸಿತು. ಅದರ ‘ಸೀರೀಸ್ ೮೬’ ಯಂತ್ರವು ಮಿನಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅನೇಕರು ಏಕಕಾಲದಲ್ಲಿ ಅದನ್ನು ಉಪಯೋಗಿಸಬಹುದಾಗಿತ್ತು. ಅದರ ಹೃದಯವಾದರೋ ಇಂಟೆಲ್ ೮೦೮೬ ಎಂಬ ಮೈಕ್ರೋಪ್ರೊಸೆಸರು. ಅದರ ಒಡಹುಟ್ಟಾದ ೮೦೮೮ ಎಂಬ ಚಿಪ್ಪಿನಿಂದ ೧೯೮೧ರಲ್ಲಿ ಐಬಿಎಂ ಕಂಪನಿ ತಯಾರಿಸಿದ ಮೇಜಿನ ಯಂತ್ರವನ್ನು ಲೋಕವು ಮೈಕ್ರೋ ಎಂದು ಕರೆಯಿತು. ಅದೇ ೮೦೮೬ ಚಿಪ್ಪುಗಳನ್ನು ೧೯೮೬ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯವರು ಒಟ್ಟಿಗೆ ದುಡಿಯುವಂತೆ ಜೋಡಿಸಿ, ವಾಯುಪ್ರವಾಹದ ಲೆಕ್ಕಗಳಿಗಾಗಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿದರು. ನಮ್ಮ ದೇಶದ ಮಹಾಗಣಕಗಳ ವಂಶವೃಕ್ಷದಲ್ಲಿ ಅದಕ್ಕೆ ಹಿರಿಯ ಸ್ಥಾನ. ಒಂದೇ ಮನೆತನದ ಚಿಪ್ಪು ಒಂದು ಕಡೆ ಮೈಕ್ರೋ, ಒಂದು ಕಡೆ ಮಿನಿ, ಮತ್ತೊಂದು ಕಡೆ ಮಹಾಗಣಕದ ಹಾದಿ! ಒಂದೇ ಕಲ್ಲು ಒಳಕಲ್ಲಾಗಬಹುದು, ಮೆಟ್ಟಿಲಾಗಬಹುದು, ಗುಡಿಯ ಕಂಬವಾಗಬಹುದು ಎಂಬಂತಾಯಿತು.

ವೇಗದ ಮಾತೂ ಹೀಗೆಯೇ. ೧೯೬೪ರಲ್ಲಿ ಸೀಮೋರ್ ಕ್ರೇ ಅವರು ರಚಿಸಿದ ಸಿಡಿಸಿ ೬೬೦೦ ಯಂತ್ರವನ್ನು ಮೊದಲ ಮಹಾಗಣಕವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದು ಸೆಕೆಂಡಿಗೆ ಸುಮಾರು ೩೦ ಲಕ್ಷ ಲೆಕ್ಕಗಳನ್ನು ಮಾಡುತ್ತಿತ್ತು. ಇಂದಿನ ಸಾಧಾರಣ ಮೊಬೈಲು ಕೋಟಿಗಟ್ಟಲೆ ಮಾಡುತ್ತದೆ. ೨೦೨೨ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ ಮಹಾಗಣಕದ ಗರಿಷ್ಠ ಸಾಮರ್ಥ್ಯ ೩.೩ ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ೩,೩೦೦ ಲಕ್ಷ ಕೋಟಿ ಲೆಕ್ಕಗಳು. ಮುಂದೊಂದು ದಿನ ಇದೂ ಸಾಮಾನ್ಯವೆನಿಸಬಹುದು. ವರ್ಗವೇ ಮಾಯವಾಗುವುದೂ ಉಂಟು. ಬೆಂಗಳೂರಿನ ಕೆಲವು ವಿಜ್ಞಾನಿಗಳೂ ಇಂಜಿನಿಯರುಗಳೂ ಸೇರಿ, ಅಕ್ಷರ ಬಾರದ ಹಳ್ಳಿಯವನಿಗೂ ದೇಶಭಾಷೆಯಲ್ಲಿ ಒದಗಬೇಕೆಂಬ ಉದಾತ್ತ ಆಶಯದಿಂದ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರಚಿಸಿದರು. ೨೦೦೪ರಲ್ಲಿ ಅದು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಆದರೆ ಅಂಗೈ ಗಣಕವೆಂಬ ವರ್ಗವನ್ನೇ ಕೆಲವು ವರ್ಷಗಳಲ್ಲಿ ಮೊಬೈಲು ನುಂಗಿಹಾಕಿತು. ಆಶಯ ಮಾತ್ರ ಉಳಿಯಿತು. ಇಂದು ಹಳ್ಳಿಯವನ ಕೈಯಲ್ಲಿ ಮೊಬೈಲು ಕನ್ನಡದಲ್ಲಿ ಮಾತನಾಡುತ್ತಿದೆ.

ಹಾಗಾದರೆ ಗಾತ್ರದ ವರ್ಗೀಕರಣವನ್ನು ಬಿಟ್ಟುಬಿಡಬೇಕೇ? ಬೇಕಾದುದಿಲ್ಲ. ಯಂತ್ರಗಳ ಚರಿತ್ರೆಯನ್ನು ಓದುವವನಿಗೆ ಅದು ಅವಶ್ಯಕವಾದ ಕೈಗಂಬ. ಆದರೆ ಅದನ್ನು ಚರಿತ್ರೆಯ ಪದಗಳಂತೆಯೇ, ಇಸವಿಯೊಡನೆ ಓದಬೇಕು. ‘ಪಾಳೆಯಗಾರ’ ಎಂಬ ಪದಕ್ಕೆ ಕಾಲವಿರುವಂತೆ ‘ಮಿನಿ ಕಂಪ್ಯೂಟರ್’ ಎಂಬ ಪದಕ್ಕೂ ಒಂದು ಕಾಲವುಂಟು. ಎಣಿಕೆಯೋ ಅಳತೆಯೋ, ಒಂದೇ ಕೆಲಸವೋ ಹಲವು ಕೆಲಸವೋ ಎಂಬ ಪ್ರಶ್ನೆಗಳಿಗೆ ಮಾತ್ರ ಇಸವಿಯ ಹಂಗಿಲ್ಲ. ೧೯೫೫ರ ಪ್ರೇಡಾಕ್ಕೂ ಇಂದಿನ ಮೊಬೈಲಿಗೂ ಅವು ಸಮನಾಗಿ ಅನ್ವಯಿಸುತ್ತವೆ.

ಕಂಪನಿಗಳು ವರ್ಷಕ್ಕೊಂದು ಹೊಸ ಹೆಸರನ್ನು ಕಟ್ಟಿ ಯಂತ್ರಗಳನ್ನು ಮಾರುತ್ತವೆ. ಇನ್ನು ಮುಂದೆಯೂ ಮಾರುವುವು. ಹೆಸರು ಹೊಸದಾದಾಗಲೆಲ್ಲ ಯಂತ್ರವೂ ಹೊಸದೆಂದು ಬೆರಗಾಗಬೇಕಾದುದಿಲ್ಲ. ಇದು ನಮ್ಮಂಥ ಕಲಾವಿಭಾಗದವರಿಗೆ ತಿಳಿಯತಕ್ಕ ವಿಷಯವಲ್ಲವೆಂದು ಹಿಂಜರಿಯಬೇಕಾದುದೂ ಇಲ್ಲ. ಇದು ಎಣಿಸುತ್ತದೆಯೋ ಅಳೆಯುತ್ತದೆಯೋ? ಒಂದು ಕೆಲಸಕ್ಕೋ ಹಲವಕ್ಕೋ? ಇದರ ಶಕ್ತಿ ನನ್ನ ಕೆಲಸಕ್ಕೆ ಸಾಕೋ, ಹೆಚ್ಚೋ? ಈ ಮೂರನ್ನು ಅಂಗಡಿಯ ಮುಂದೆ ನಿಂತು ಕೇಳುವವನು ಹಣವನ್ನು ಉಳಿಸಿಕೊಳ್ಳುತ್ತಾನೆ. ಮತಗಟ್ಟೆಯ ಮುಂದೆ ನಿಂತು ಕೇಳುವವನು ತನ್ನ ಹಕ್ಕನ್ನು ಉಳಿಸಿಕೊಳ್ಳುತ್ತಾನೆ.